ದೊಡ್ಡ ಮನೆಯ ಪ್ಲಗ್ಗು, ನಮ್ಮ ಓಣಿಯ ತಂತಿ

ನಮ್ಮೂರಿಗೆ ಇಂಟರ್ನೆಟ್ ತಂತಿ ಬಂದ ದಿನವೇ ನಾನು ತಂತಿ ಎಳೆಯುವವನ ಜೊತೆ ಜಗಳ ತೆಗೆದಿದ್ದೆ. ಬಂದವನಿಗೆ ಒಂದು ಕಪ್ ಚಹಾ ಕೊಟ್ಟು ಸುಮ್ಮನೆ ಕೂಡುವ ಪೈಕಿ ನಾನಲ್ಲ. ಕಲಘಟಗಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಅತಿಥಿ ಉಪನ್ಯಾಸಕ ನಾನು. ವರ್ಷ ವರ್ಷವೂ ಅತಿಥಿಯಾಗಿಯೇ ಉಳಿದವನ ಸಿಟ್ಟು ಎಲ್ಲಾದರೂ ಹೊರಗೆ ಬರಬೇಕಲ್ಲ, ಆವತ್ತು ಆ ಮನುಷ್ಯನ ಮೇಲೆ ಬಂತು. ಅವನ ಬೆನ್ನು ಹತ್ತಿ ಊರೆಲ್ಲ ಅಡ್ಡಾಡಿ, ನೀನು ಎಳೆಯುತ್ತಿರುವ ರೀತಿಯೇ ತಪ್ಪು ಎಂದು ಹೇಳಿ ಹೇಳಿ ಬಾಯಿ ನೋಯಿಸಿಕೊಂಡೆ.

ನಮ್ಮದು ಮಿಶ್ರಿಕೋಟಿ ದಾಟಿ ಒಳಗೆ ಹೊರಳಿದರೆ ಸಿಗುವ ಸಣ್ಣ ಊರು. ಭತ್ತ, ಗೋವಿನಜೋಳ, ಹಿಂದುಗಡೆ ಗುಡ್ಡ. ತಗ್ಗಿನಲ್ಲಿ ಕೂತ ಊರಾದ್ದರಿಂದ ಮನೆಯೊಳಗೆ ಮೊಬೈಲ್ ಹತ್ತುವುದಿಲ್ಲ. ಮಾತಾಡಬೇಕೆಂದರೆ ಗುಡ್ಡದ ಮೇಲಿನ ನೀರಿನ ಟಾಕಿಯ ಹತ್ತಿರ ಹೋಗಿ ನಿಲ್ಲಬೇಕು. ಅಲ್ಲಿ ಯಾವಾಗ ನೋಡಿದರೂ ಮೂರ್ನಾಲ್ಕು ಮಂದಿ ಒಬ್ಬರಿಗೊಬ್ಬರು ಬೆನ್ನು ಮಾಡಿ ಒದರುತ್ತಿರುತ್ತಾರೆ. ಅಂಥ ಊರಿಗೆ ತಂತಿ ಬಂತೆಂದರೆ ಯಾರಿಗಾದರೂ ಖುಷಿಯೇ. ನನಗೂ ಖುಷಿಯಾಗಿತ್ತು, ಆದರೆ ಅದನ್ನು ಎಳೆಯುತ್ತಿದ್ದ ರೀತಿ ನೋಡಿ ತಲೆ ಕೆಟ್ಟಿತು.

ಆ ಮನುಷ್ಯ ನಮ್ಮ ಸುತ್ತಿನ ಹಳ್ಳಿಗಳಿಗೆ ಟಿವಿ, ಇಂಟರ್ನೆಟ್ ಎರಡೂ ಕೊಡುವ ಕೇಬಲ್‌ನವನು. ಅವನು ಮಾಡಿದ್ದು ಇಷ್ಟು. ಬಸ್ ಸ್ಟ್ಯಾಂಡಿನ ಕಂಬದಿಂದ ಮೊದಲ ಮನೆಯ ಮಾಳಿಗೆಗೆ ತಂತಿ ಎಳೆದ. ಆ ಮನೆಯೊಳಗೆ ಅಂಗೈಯಷ್ಟು ದೊಡ್ಡ ಡಬ್ಬಿಯೊಂದನ್ನು ಗೋಡೆಗೆ ಬಡಿದ. ಡಬ್ಬಿಯಿಂದ ಅಕ್ಕಪಕ್ಕದ ಮನೆಗಳಿಗೆ ಒಂದೊಂದು ತಂತಿ ಕೊಟ್ಟು, ಉಳಿದದ್ದನ್ನು ಮುಂದಿನ ಓಣಿಯ ಡಬ್ಬಿಗೆ ಒಯ್ದ. ಹೀಗೆ ಡಬ್ಬಿಯಿಂದ ಡಬ್ಬಿಗೆ, ಓಣಿಯಿಂದ ಓಣಿಗೆ ಒಂದೇ ಸಾಲು. ಡಬ್ಬಿಗೆ ಕರೆಂಟ್ ಬೇಕಲ್ಲ, ಅದು ಆಯಾ ಮನೆಯ ಪ್ಲಗ್ಗಿನಿಂದ. ಪ್ಲಗ್ ಕೊಟ್ಟ ಮನೆಯವರಿಗೆ ಎಲ್ಲವೂ ಪುಕ್ಕಟೆ. ಊರ ನಡುವಿನ ದೊಡ್ಡ ಮನೆಯ ಪಡಸಾಲೆಯಲ್ಲಿ ಒಂದು ಡಬ್ಬಿ ಕೂತಿತು. ಅಲ್ಲಿಂದ ಹೊರಬಿದ್ದ ತಂತಿ ನಮ್ಮ ಓಣಿಗೆ ಬಂದು, ನಮ್ಮ ಮನೆಯಲ್ಲಿ ಮುಗಿಯಿತು.

ನಮ್ಮ ಓಣಿ ಊರಿಗೆ ಕಡೆಯದು. ಯಾಕೆ ಕಡೆಯದು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಳ ಬಂದದ್ದೂ ನಮಗೆ ಕಡೆಗೆ, ಕಾಂಕ್ರೀಟ್ ರಸ್ತೆ ಬಂದದ್ದೂ ಕಡೆಗೆ. ಗೋಡೆಯ ಮೇಲೆ ಬುದ್ಧನ ಪಟ ತೂಗುಹಾಕಿದ ಮನೆಗಳು ಆ ಓಣಿಯಲ್ಲಷ್ಟೇ ಇವೆ.

ಕಾಲೇಜಿನಲ್ಲಿ ನಾನು ಇದನ್ನೇ ಪಾಠ ಮಾಡುತ್ತೇನೆ. ಉದ್ದಕ್ಕೆ ಒಂದು ತಂತಿ, ಅದಕ್ಕೆ ಅಲ್ಲಲ್ಲಿ ಜೋತುಬಿದ್ದ ಯಂತ್ರಗಳು ಇದ್ದರೆ ಅದು ಬಸ್ ವಿನ್ಯಾಸ. ನಡುವೆ ಒಂದು ಪೆಟ್ಟಿಗೆ, ಅಲ್ಲಿಂದ ಪ್ರತಿ ಯಂತ್ರಕ್ಕೂ ಅದರದೇ ಬೇರೆ ತಂತಿ ಹೋದರೆ ಅದು ಸ್ಟಾರ್. ನಮ್ಮೂರಿನದು ಪುಸ್ತಕದಲ್ಲಿದ್ದಂಥ ಶುದ್ಧ ಬಸ್ ಅಲ್ಲ, ಆದರೆ ಗುಣವೆಲ್ಲ ಅದರದೇ. ನಾನು ಕೇಬಲ್‌ನವನಿಗೆ ಪಂಚಾಯ್ತಿ ಕಟ್ಟಡದಲ್ಲಿ ಒಂದು ದೊಡ್ಡ ಪೆಟ್ಟಿಗೆ ಇಡು, ಅಲ್ಲಿಂದ ಓಣಿಗೊಂದು ತಂತಿ ಬಿಡು ಎಂದೆ. ಒಂದು ಓಣಿಯದು ಹರಿದರೆ ಆ ಓಣಿಯದಷ್ಟೇ ಹೋಗುತ್ತದೆ, ಎಲ್ಲಿ ಕೆಟ್ಟಿದೆ ಎಂದು ಕೂತಲ್ಲೇ ಗೊತ್ತಾಗುತ್ತದೆ, ಒಬ್ಬರ ಮನೆಯ ಪ್ಲಗ್ಗಿನ ಮೇಲೆ ಇನ್ನೊಬ್ಬರು ಬದುಕಬೇಕಾಗಿಲ್ಲ ಎಂದೆಲ್ಲ ಹೇಳಿದೆ. ಅವನು ಏಣಿಯ ಮೇಲಿಂದಲೇ ಕೇಳಿಸಿಕೊಂಡ. ಕಡೆಗೆ ಕೆಳಗಿಳಿದು ಬಂದು ಬೆವರು ಒರೆಸಿಕೊಂಡು ಹೇಳಿದ.

"ಸರ್, ಓಣಿಗೊಂದು ವಾಯರ್ ಹಾಕೂದಿದ್ರ ನಾ ದೊಡ್ಡ ಮನಿ ತನಕ ಬಂದು ನಿಂದ್ರತಿದ್ದೆರಿ. ನಿಮ್ಮ ಓಣಿಗೆ ಬರೂದ ಇಲ್ಲ. ಹಿಂಗ ಬಂದ್ರ ಬಂತು, ಇಲ್ಲಂದ್ರ ಇಲ್ಲ."

ಅವನು ಹೇಳಿದ್ದು ನಿಜ. ತಂತಿ ಕಡಿಮೆ ಹಿಡಿಯುತ್ತದೆ, ಇದ್ದ ಸಾಲಿಗೆ ಇನ್ನೊಂದು ಮನೆ ಸೇರಿಸುವುದು ಸಲೀಸು ಎಂಬುದೇ ಈ ವಿನ್ಯಾಸದ ದೊಡ್ಡ ಲಾಭ ಎಂದು ನಾನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಆ ಲಾಭ ಇಲ್ಲದಿದ್ದರೆ ನಮ್ಮ ಮನೆಗೆ ಇಂಟರ್ನೆಟ್ಟೇ ಇರುತ್ತಿರಲಿಲ್ಲ, ಅಕ್ಕನ ನೌಕರಿಯೂ ಇರುತ್ತಿರಲಿಲ್ಲ.

ಅಕ್ಕ ನನಗಿಂತ ದೊಡ್ಡವಳು. ಸಣ್ಣವಳಿದ್ದಾಗ ಪೋಲಿಯೊ ಆಗಿ ಎರಡೂ ಕಾಲು ಸೋತವು. ಅಂಗೈ ಊರಿ ನೆಲದ ಮೇಲೆ ಸರಿಯುತ್ತಲೇ ಮನೆಯನ್ನೆಲ್ಲ ಆಳುತ್ತಾಳೆ. ಅವ್ವ ಹೊಲಕ್ಕೆ ಹೋದರೆ ಅಡಿಗೆ ಇವಳದೇ, ನನ್ನ ತಲೆಗೆ ಎಣ್ಣೆ ಹಚ್ಚಿ ಸಾಲೆಗೆ ಕಳಿಸಿದವಳೂ ಇವಳೇ. ನನ್ನ ಪುಸ್ತಕಗಳನ್ನೇ ಓದಿ ಓದಿ ಮನೆಯಲ್ಲೇ ಕೂತು ಬಿ.ಎ. ಕಟ್ಟಿ ಪಾಸಾದಳು. ಪಾಸಾಗಿ ಏನು ಮಾಡುವುದು? ಎಲ್ಲಿ ಅರ್ಜಿ ಹಾಕಿದರೂ ಮೆಟ್ಟಿಲು. ಸಂದರ್ಶನಕ್ಕೆ ಎಂದು ಹುಬ್ಬಳ್ಳಿಗೆ ಹೊತ್ತುಕೊಂಡು ಹೋದರೆ ಅಂಗವಿಕಲರ ಕೋಣೆಯೇ ಎರಡನೆಯ ಮಹಡಿಯಲ್ಲಿ ಇತ್ತು. ಆವತ್ತು ಅಲ್ಲಿದ್ದವರನ್ನೆಲ್ಲ ನಾನು ಬಾಯಿಗೆ ಬಂದಂತೆ ಬೈದೆ. ಅಕ್ಕ ಬರುವಾಗ ಬಸ್ಸಿನಲ್ಲಿ, ಇನ್ನು ಮುಂದೆ ಎಲ್ಲಿಗೂ ಒಯ್ಯಬೇಡ ಎಂದಳು. ಆಮೇಲೆ ಬಹಳ ವರ್ಷ ಬಾಗಿಲ ಬಾಜು ಹಳೆ ಬಟ್ಟೆಯ ಕೌದಿ ಹೊಲಿಯುತ್ತ ಕೂತಳು. ಊರಿನವರ ಕಣ್ಣಿಗೆ ಅವಳು ಆ ಬಾಗಿಲ ಬಾಜುವಿನ ಕೌದಿಯಷ್ಟೇ.

ತಂತಿ ಬಂದ ಮರುವರ್ಷ ಅವಳಿಗೆ ಮನೆಯಿಂದಲೇ ಮಾಡುವ ನೌಕರಿ ಸಿಕ್ಕಿತು. ಮಿಕ್ಸರ್, ಫ್ಯಾನು, ಕುಕ್ಕರ್ ಮಾರುವ ಒಂದು ಕಂಪನಿ. ಗಿರಾಕಿಗಳು ತಮ್ಮ ತಕರಾರನ್ನು ಕನ್ನಡದಲ್ಲಿ ಬರೆದು ಕೇಳುತ್ತಾರೆ, ಕಂಪ್ಯೂಟರಿನ ಈ ಕಡೆ ಕೂತವರು ಕೂಡಲೇ ಉತ್ತರ ಬರೆಯಬೇಕು. ಬುದ್ಧನ ಪಟದ ಕೆಳಗೆ ತಗ್ಗಿನ ಮೇಜು ಮಾಡಿಸಿ ಕಂಪ್ಯೂಟರ್ ಇಟ್ಟೆವು. ಬೆಳಿಗ್ಗೆ ಜಳಕ ಮಾಡಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಪೌಡರ್ ಹಚ್ಚಿಕೊಂಡು ಕೂಡುತ್ತಿದ್ದಳು. ನಿನ್ನನ್ನು ಯಾರು ನೋಡುತ್ತಾರೆ ಎಂದು ನಾನು ಚೇಷ್ಟೆ ಮಾಡಿದರೆ, ನೌಕರಿ ಅಂದ್ರ ನೌಕರಿ, ನಿನ್ನಂಗ ಅತಿಥಿ ಅಲ್ಲ ಎಂದು ತಿರುಗಿ ಕೊಡುತ್ತಿದ್ದಳು.

ಉತ್ತರ ಬರೆಯುವುದರಲ್ಲಿ ಅವಳದೇ ಧಾಟಿ. ಯಾರೋ ಮಿಕ್ಸರಿನಿಂದ ಸುಟ್ಟ ವಾಸನೆ ಬರುತ್ತಿದೆ ಎಂದು ಬರೆದರೆ, ಒಣಕೊಬ್ಬರಿ ಗಿಟಕನ್ನು ಒಡೆಯದೆ ಹಾಗೇ ಹಾಕಿದಿರೇನು ಎಂದು ಕೇಳುತ್ತಿದ್ದಳು. ಹೌದು ಎಂದು ಉತ್ತರ ಬರುತ್ತಿತ್ತು. ಗಿರಾಕಿಗಳಿಗೆ ಅಣ್ಣ, ಅವ್ವ ಎಂದೆಲ್ಲ ಬರೆಯಬೇಡಿ ಎಂದು ಮೇಲಿನವರಿಂದ ಒಂದೆರಡು ಸಲ ತಾಕೀತು ಬಂತು. ಆದರೂ ಅವಳ ಕೆಲಸ ಅವರಿಗೆ ಸೇರಿತ್ತು. ಶ್ರಾವಣ ಮುಗಿಯುವ ಹೊತ್ತಿಗೆ ಪ್ರೊಬೇಷನ್ ಮುಗಿದು ನೌಕರಿ ಕಾಯಂ ಆಗುವುದಿತ್ತು. ಅಲ್ಲಿಯವರೆಗೆ ಒಂದೇ ಕಟ್ಟುನಿಟ್ಟು ಎಂದರೆ ಹಾಜರಿ. ಹೊತ್ತಿಗೆ ಸರಿಯಾಗಿ ಕಂಪ್ಯೂಟರಿನಲ್ಲಿ ಕಾಣಿಸಿಕೊಳ್ಳಬೇಕು, ಸತತ ಮೂರು ದಿನ ಕಾಣದಿದ್ದರೆ ಹೆಸರು ತೆಗೆಯುತ್ತಾರೆ. ಒಂದು ಸಂಜೆ ಕೆಲಸ ಮುಗಿಸಿ ಬೆರಳ ನಟಿಗೆ ಮುರಿಯುತ್ತ ಅಕ್ಕ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ.

"ಮಂದಿ ನನ್ನ ಕೇಳತಾರಲೇ ತಮ್ಮಾ. ಏನ್ ಮಾಡೂಣರಿ ಅಂತ ನನ್ನ ಕೇಳತಾರ."

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಬರೀ ಚಕ್ರ ತಿರುಗತೊಡಗಿತು. ಅಕ್ಕ ನನ್ನನ್ನು ಕೂಗಿದಳು. ನಾನು ತಂತಿ ಕಿತ್ತು ಹಾಕಿದೆ, ಯಂತ್ರ ಬಂದ್ ಮಾಡಿ ಹಚ್ಚಿದೆ. ಏನೂ ಇಲ್ಲ. ಈ ಸಾಲು ವಿನ್ಯಾಸದ ದೊಡ್ಡ ರೋಗವೇ ಇದು. ಎಲ್ಲಿ ಕೆಟ್ಟಿದೆ ಎಂದು ಕೂತಲ್ಲಿ ತಿಳಿಯುವುದಿಲ್ಲ, ಮನೆ ಮನೆ ಹುಡುಕಿಕೊಂಡು ಹೋಗಬೇಕು. ನಿಮ್ಮಲ್ಲಿ ಬರುತ್ತಿದೆಯೇ, ನಿಮ್ಮಲ್ಲಿ ಬರುತ್ತಿದೆಯೇ ಎಂದು ಕೇಳುತ್ತ ಹೊರಟೆ. ನಮ್ಮ ಓಣಿಯಲ್ಲಿ ಯಾರಿಗೂ ಇರಲಿಲ್ಲ. ದೊಡ್ಡ ಮನೆಯ ಆಚೆಯ ಓಣಿಯಲ್ಲಿ ಎಲ್ಲರಿಗೂ ಇತ್ತು. ದೊಡ್ಡ ಮನೆಯ ಮುಂದೆ ಬಂದರೆ ಮಂದಿ ಸೇರಿದ್ದರು. ಒಳಗೆ ಹೆಂಗಸರು ಅಳುತ್ತಿದ್ದರು. ಆ ಮನೆಯ ಹಿರಿಯ, ಊರಿಗೆಲ್ಲ ಅಜ್ಜನಾಗಿದ್ದವರು, ಬೆಳಗಿನ ಜಾವ ತೀರಿಕೊಂಡಿದ್ದರು.

ಸತ್ತ ಮನೆಯಲ್ಲಿ ನಮ್ಮ ಕಡೆ ಟಿವಿ ಹಚ್ಚುವುದಿಲ್ಲ. ಹೆಣ ಬಿದ್ದ ಮನೆಯಲ್ಲಿ ಹಾಡು ಕುಣಿತ ಏನು ಎಂದು ಮೊದಲು ಟಿವಿಯನ್ನೇ ಬಂದ್ ಮಾಡುತ್ತಾರೆ. ಇವರು ಬಂದ್ ಮಾಡಿದ್ದಷ್ಟೇ ಅಲ್ಲ, ಪ್ಲಗ್ಗನ್ನೇ ಕಿತ್ತು ಹಾಕಿದ್ದರು. ಟಿವಿ, ಡಬ್ಬಿ ಎರಡೂ ಒಂದೇ ಪ್ಲಗ್ ಪಟ್ಟಿಯ ಮೇಲೆ. ಅವರ ಲೆಕ್ಕದಲ್ಲಿ ಡಬ್ಬಿ ಎಂದರೆ ಟಿವಿಯದೇ ಒಂದು ಭಾಗ. ಹಿಂದೆ ಒಂದು ಓಣಿ ಇದೆ, ಅಲ್ಲಿ ಒಬ್ಬಳು ನೌಕರಿ ಮಾಡುತ್ತಿದ್ದಾಳೆ ಎಂಬುದು ಯಾರ ತಲೆಯಲ್ಲೂ ಇರಲಿಲ್ಲ. ಇದ್ದರೆ ತಾನೇ ಬರುವುದು?

ಮಣ್ಣಿಗೆ ಹೋಗಿ ಬಂದೆ. ಸಂಜೆಯ ಹೊತ್ತಿಗೆ ಹಚ್ಚುತ್ತಾರೆ ಎಂದುಕೊಂಡೆ. ಹಚ್ಚಲಿಲ್ಲ. ಮರುದಿನ ಕಾಲೇಜಿಗೆ ರಜೆ ಹಾಕಿ ಮಾತಾಡಿಸಿ ಬರಲು ದೊಡ್ಡ ಮನೆಗೆ ಹೋದೆ. ಸತ್ತವರ ಮನೆಯವರನ್ನು ಮಾತಾಡಿಸುವುದು ರಿವಾಜು, ನಾನು ಹೋದದ್ದರಲ್ಲಿ ಯಾರಿಗೂ ಹೊಸದೇನೂ ಕಾಣಲಿಲ್ಲ. ನಮ್ಮ ಓಣಿಯವರು ಆ ಮನೆಯ ಕಟ್ಟೆಯ ಮೇಲೆ ಕೂಡುತ್ತಾರೆ. ನಾನೂ ಕೂತೆ. ತೆರೆದ ಬಾಗಿಲಿನಿಂದ ಪಡಸಾಲೆ ಕಾಣುತ್ತಿತ್ತು. ಅಜ್ಜನನ್ನು ಮಲಗಿಸಿದ್ದ ಜಾಗದಲ್ಲಿ ಹಿಟ್ಟು ಹರವಿ ಅದರ ಮೇಲೆ ದೀಪ ಇಟ್ಟಿದ್ದರು. ಒಂಬತ್ತು ದಿನ ಆ ದೀಪ ಆರಬಾರದು, ಆ ಹಿಟ್ಟಿನ ಮೇಲೆ ಯಾರ ಹೆಜ್ಜೆಯೂ ಬೀಳಬಾರದು. ದೀಪದ ಹಿಂದಿನ ಗೋಡೆಯ ಮೇಲೆಯೇ ಡಬ್ಬಿ. ಅದರ ತಂತಿಯ ತುದಿ ಪಟ್ಟಿಯಿಂದ ಒಂದು ಗೇಣು ಕೆಳಗೆ ಜೋತಾಡುತ್ತಿತ್ತು.

ಅಜ್ಜನ ಹಿರಿಯ ಮಗ ನನ್ನ ಬಾಜು ಬಂದು ಕೂತರು. ಅವರು ಕೆಟ್ಟ ಮನುಷ್ಯರಲ್ಲ. ಅವರ ಮಗಳಿಗೆ ನಾನು ಕಾಲೇಜಿನಲ್ಲಿ ಪಾಠ ಹೇಳಿದ್ದೇನೆ. ಅಪ್ಪ ಹಿಂದಿನ ದಿನ ಊಟ ಮಾಡಿದ್ದು, ಮಲಗಿದ್ದು, ನೀರು ಕೇಳಿದ್ದು ಎಲ್ಲ ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ಎದುರಿಗೆ ಅಷ್ಟು ದೊಡ್ಡ ಗಂಡಸು ಅಳುತ್ತಿರುವಾಗ ನನ್ನ ಕಣ್ಣು ಮಾತ್ರ ಆ ಪ್ಲಗ್ಗಿನ ಮೇಲೆ. ಅಣ್ಣಾರ, ಆ ಒಂದು ಪ್ಲಗ್ ಎನ್ನುವ ಮಾತು ಗಂಟಲ ತನಕ ಬಂತು. ಹೇಗೆ ಆಡಲಿ ಹೇಳಿ? ದೀಪ ದಾಟಿ ಹೋಗಿ ಹಚ್ಚಿರಿ ಎನ್ನಲೇ? ನಮ್ಮಲ್ಲಿ ಈ ಒಂಬತ್ತರ ಲೆಕ್ಕ ಇಲ್ಲ. ನಮ್ಮಪ್ಪ ಹೋದಾಗ ಬುದ್ಧವಂದನೆ ಮಾಡಿ, ಮೂರನೆಯ ದಿನ ಅವ್ವ ಕಳೆ ತೆಗೆಯಲು ಹೋಗಿದ್ದಳು. ಅದೂ ಇವರದೇ ಹೊಲಕ್ಕೆ. ನಮ್ಮ ರೀತಿ ಅವರಿಗೆ ಹೇಳಿದರೆ ನಡೆಯುತ್ತದೆಯೇ? ಮಾತು ನುಂಗಿಕೊಂಡು ಎದ್ದು ಬಂದೆ.

ಕೇಬಲ್‌ನವನನ್ನು ಹಿಡಿದೆ. ದೊಡ್ಡ ಮನೆ ಬಿಟ್ಟು ಬೇರೆ ಕಡೆಯಿಂದ ಬಳಸಿ ಒಂದು ತಂತಿ ಎಳೆ, ನಾಲ್ಕು ದಿನದ ಮಟ್ಟಿಗೆ ಎಂದು ಕೈಮುಗಿಯುವುದೊಂದು ಬಾಕಿ. ಅವನು ತಲೆ ತಗ್ಗಿಸಿ ಹೇಳಿದ.

"ಅವ್ರ ಮಾಳಿಗಿ ಹತ್ತಲಾರದ ಆ ವಾಯರ್ ಬಿಚ್ಚಾಕ ಬರೂದಿಲ್ಲರಿ. ಹೆಣದ ಮನಿ ಮ್ಯಾಲ ನಾ ಹತ್ತಂಗಿಲ್ಲ. ನಾಳೆ ಅವ್ರು ಡಬ್ಬಿ ಕಿತ್ತು ಒಯ್ಯಿ ಅಂದ್ರ ನಿಮ್ಮ ಓಣೀದು ಕಾಯಂ ಹೋಕೈತ್ರಿ ಸರ್."

ಅವನ ಮೇಲೆ ಸಿಟ್ಟು ಮಾಡೋಣವೆಂದರೆ ಅದೂ ಆಗಲಿಲ್ಲ. ಇಡೀ ಓಣಿಯ ತಂತಿಯೇ ಒಂದು ಮನೆಯವರ ಮರ್ಜಿಯ ಮೇಲೆ ನಿಂತಿರುವಾಗ ಅವನಾದರೂ ಏನು ಮಾಡುತ್ತಾನೆ?

ಆಚೆಯ ಓಣಿಯಲ್ಲಿ ಇಂಟರ್ನೆಟ್ ಇತ್ತು, ಆದರೆ ಆ ಮನೆಗಳಲ್ಲೂ ನಮ್ಮವರಿಗೆ ಕಟ್ಟೆಯ ತನಕವೇ ದಾರಿ. ಆವತ್ತೇ ಅಕ್ಕನನ್ನು ಬೈಕಿನ ಹಿಂದೆ ಕೂರಿಸಿ, ಅವಳ ಸೊಂಟವನ್ನು ನನ್ನ ಸೊಂಟಕ್ಕೆ ಸೇರಿಸಿ ಸೀರೆ ಬಿಗಿದು, ಟಾಕಿಯ ಹತ್ತಿರ ಒಯ್ದೆ. ಕಾಲೇಜಿನ ಗೆಳೆಯನ ಲ್ಯಾಪ್‌ಟಾಪ್ ಇತ್ತು. ಶ್ರಾವಣದ ಜಿಟಿಜಿಟಿ ಮಳೆ. ಟಾಕಿಯ ಕೆಳಗಿನ ಕಟ್ಟೆಯ ಮೇಲೆ ಅವಳನ್ನು ಇಳಿಸಿ ಕೊಡೆ ಹಿಡಿದು ನಿಂತೆ. ಮೊಬೈಲಿನ ಇಂಟರ್ನೆಟ್ ಹತ್ತಿತು. ಒಬ್ಬ ಗಿರಾಕಿಗೆ ಉತ್ತರ ಬರೆದಳು, ಇನ್ನೊಬ್ಬರಿಗೆ ಬರೆಯುವಾಗ ಸಿಗ್ನಲ್ ಹೋಯಿತು. ಬಂತು, ಹೋಯಿತು. ಸುತ್ತ ನಿಂತು ಫೋನಿನಲ್ಲಿ ಮಾತಾಡುವವರೆಲ್ಲ ಮಾತು ಬಿಟ್ಟು ಅವಳನ್ನೇ ನೋಡತೊಡಗಿದರು. ಅಕ್ಕ ತಲೆ ಎತ್ತಲಿಲ್ಲ. ಗಾಳಿಗೆ ಮಳೆ ಅಡ್ಡ ಬಂದು ಲ್ಯಾಪ್‌ಟಾಪಿನ ಮೇಲೆ ಸಿಡಿಯಿತು. ಆಮೇಲೆ ಅವಳೇ ಅದನ್ನು ಮುಚ್ಚಿ ಸೆರಗಿನಲ್ಲಿ ಸುತ್ತಿದಳು.

ಮರುದಿನ ಕಲಘಟಗಿಗೆ ಒಯ್ದೆ. ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪರಿಚಯದವರು ಜಾಗ ಕೊಟ್ಟರು. ಮೆಟ್ಟಿಲು ಹತ್ತಿಸಿದ್ದು ನಾನೇ. ಶೌಚಾಲಯ ಹಿಂದುಗಡೆ, ಅದಕ್ಕೆ ಮತ್ತೆ ಮೆಟ್ಟಿಲು, ಒಳಗೆ ಹಿಡಿಯಲು ಏನೂ ಇಲ್ಲ. ಮನೆಯಲ್ಲಿ ಅವಳಿಗಾಗಿ ಹಿಡಿಕೆ ಹಾಕಿಸಿದ ಜಾಗ ಇದೆ, ಅದು ಬಿಟ್ಟು ಬೇರೆ ಕಡೆ ಅವಳು ಹೋಗಲಾರಳು. ಬೆಳಗಿನಿಂದ ಒಂದು ಗುಟುಕು ನೀರು ಕುಡಿಯದೆ ಕೂತಳು. ಊಟವನ್ನೂ ಮಾಡಲಿಲ್ಲ. ಮಧ್ಯಾಹ್ನ ಕರೆಂಟ್ ಹೋಯಿತು, ಸಂಜೆಯ ತನಕ ಬರಲಿಲ್ಲ. ಮನೆಗೆ ಬಂದಾಗ ಅವಳ ಮುಖ ಕಪ್ಪಿಟ್ಟಿತ್ತು. ನನಗಂತೂ ಜೀವ ಸಾಕಾಗಿ ಹೋಗಿತ್ತು. ಮುಂದಿನ ದಿನ ಒಯ್ಯುತ್ತೇನೆ ಎನ್ನುವ ಧೈರ್ಯ ನನಗೂ ಇರಲಿಲ್ಲ, ಬರುತ್ತೇನೆ ಎನ್ನುವ ಕಸುವು ಅವಳಿಗೂ ಇರಲಿಲ್ಲ.

ಅದೇ ಸಂಜೆ ಟಾಕಿಯ ಹತ್ತಿರ ಹೋಗಿ ಕಂಪನಿಯ ಮೇಲ್ವಿಚಾರಕಿಗೆ ಫೋನ್ ಮಾಡಿದೆ. ದನಿ ಕೇಳಿದರೆ ಸಣ್ಣ ವಯಸ್ಸಿನ ಹುಡುಗಿ, ಮಾತು ನಯ. ಏನ್ ಸಮಸ್ಯೆ ಸರ್ ಎಂದು ಕೇಳಿದಳು. ಊರಲ್ಲಿ ಒಬ್ಬರು ತೀರಿಕೊಂಡಿದ್ದಾರೆ ಎಂದೆ. ಅಯ್ಯೋ, ನಿಮ್ಮ ಮನೆಯಲ್ಲಾ ಎಂದಳು. ಸುಳ್ಳು ಹೇಳಿದ್ದರೆ ನೌಕರಿ ಉಳಿಯುತ್ತಿತ್ತೋ ಏನೋ, ನಾನು ಇಲ್ಲ, ಬೇರೆಯವರ ಮನೆಯಲ್ಲಿ ಎಂದೆ.

"ಸರ್, ಬೇರೆಯವರ ಮನೆಯಲ್ಲಿ ತೀರಿಕೊಂಡರೆ ನಿಮ್ಮ ಮನೆಯ ಇಂಟರ್ನೆಟ್ ಹೇಗೆ ಹೋಗುತ್ತೆ?"

ಆ ಗುಡ್ಡದ ಮೇಲೆ, ಮಳೆಯಲ್ಲಿ, ಒಂದು ಕಿವಿಗೆ ಬೆರಳು ಇಟ್ಟುಕೊಂಡು ನಾನು ಬಸ್ ವಿನ್ಯಾಸದ ಪಾಠ ಮಾಡಿದೆ. ಸಾಲು ಹೇಗೆ ಬಂದಿದೆ, ಡಬ್ಬಿ ಎಲ್ಲಿದೆ, ಪ್ಲಗ್ ಯಾರದು, ದೀಪ ಯಾಕೆ ದಾಟಬಾರದು ಎಂದು ಒಂದೊಂದೇ ಹೇಳಿದೆ. ನನ್ನ ವಿದ್ಯಾರ್ಥಿಗಳಿಗೆ ಅಷ್ಟು ಚೆನ್ನಾಗಿ ಎಂದೂ ಹೇಳಿರಲಿಕ್ಕಿಲ್ಲ. ಆ ಹುಡುಗಿ ಪೂರ್ತಿ ಕೇಳಿದಳು. ಆಮೇಲೆ, ಇದನ್ನ ನಾನು ಮೇಲಿನವರಿಗೆ ಹೇಳಿದರೆ ನಗುತ್ತಾರೆ ಸರ್, ಹೇಗಾದರೂ ಮಾಡಿ ನಾಳೆ ಲಾಗಿನ್ ಆಗಲಿಕ್ಕೆ ಹೇಳಿ ಎಂದಳು. ಅವಳು ನನ್ನ ಮಾತು ನಂಬಲಿಲ್ಲ, ನೆಪ ಎಂದೇ ತಿಳಿದಳು. ಅವಳ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಮನೆಗೆ ಬಂದು ಹೇಳಿದಾಗ ಅವ್ವ ಎದ್ದು ಸೀರೆ ಸರಿಮಾಡಿಕೊಂಡಳು. ದೊಡ್ಡ ಮನೆಯ ಹಿತ್ತಲ ಬಾಗಿಲು ಅವಳಿಗೆ ಗೊತ್ತಿದ್ದಷ್ಟು ಮುಂಬಾಗಿಲು ಗೊತ್ತಿಲ್ಲ. ವರ್ಷಗಟ್ಟಲೆ ಕಳೆ, ಕೊಯ್ಲು, ಕಾಳು ಹಸನು ಮಾಡುವುದು ಎಂದು ಅಲ್ಲೇ ಹೋಗಿ ನಿಂತವಳು. ಸತ್ತ ಮನೆಗೆ ಹೋಗಿ ಏನು ಕೇಳುತ್ತೀ ಎಂದು ಅಕ್ಕನೇ ತಡೆದಳು. ಅವ್ವ ನಿಲ್ಲಲಿಲ್ಲ. ಅಜ್ಜನ ಹೆಂಡತಿ ಹಿತ್ತಲಲ್ಲೇ ಕೂತಿದ್ದರಂತೆ. ಅವ್ವ ಮೊದಲು ಅವರ ಜೊತೆ ಅತ್ತಳಂತೆ. ಆಮೇಲೆ ಕೇಳಿದಳಂತೆ. ಮುದುಕಿ ಸಿಟ್ಟಾಗಲಿಲ್ಲ. ಅವ್ವನ ಕೈ ಹಿಡಿದೇ ಹೇಳಿದರಂತೆ.

"ನಮ್ಮ ಯಜಮಾನ್ರ ದೀಪದ ಮ್ಯಾಲ ಕೈ ಚಾಚಿ ಅದನ್ನ ಹೆಂಗ ಹಚ್ಚಲಿ ಹೇಳು. ಒಂಬತ್ತ ಮುಗೀಲಿ ತಡಿ. ನಾಕ ದಿನ ಟಿವಿ ನೋಡಲಿಲ್ಲಂದ್ರ ನಿನ್ನ ಮಗಳ ಜೀವ ಹೋಗತೈತೇನ?"

ಟಿವಿ ಅಲ್ಲ ಎಂದು ಅವ್ವ ಹೇಳಿದ್ದಾಳೆ. ನೌಕರಿ ಎಂದೂ ಹೇಳಿದ್ದಾಳೆ. ಮನೆಯಲ್ಲಿ ಕೂತು, ಕಾಲಿಲ್ಲದವಳು ಗೋಡೆಯ ತಂತಿಯಿಂದ ಮಾಡುವ ನೌಕರಿ ಯಾವುದು ಎಂದು ಆ ಮುದುಕಿಗೆ ತಿಳಿಸಿ ಹೇಳಲು ಅವ್ವನಿಗೂ ಆಗಲಿಲ್ಲ. ತನಗೇ ಪೂರ್ತಿ ತಿಳಿಯದ್ದನ್ನು ಇನ್ನೊಬ್ಬರಿಗೆ ಹೇಗೆ ತಿಳಿಸಿಯಾಳು? ಮುದುಕಿ ಬೆಲ್ಲ, ಅಕ್ಕಿ ಕಟ್ಟಿ ಕೊಟ್ಟು ಕಳಿಸಿದರು. ಅವ್ವ ಅದನ್ನು ತಂದು ಒಲೆಯ ಬಾಜು ಇಟ್ಟಳು. ಯಾರೂ ಬಿಚ್ಚಲಿಲ್ಲ.

ಒಂಬತ್ತರ ದಿನ ಊಟ ಹಾಕಿದರು. ಅಕ್ಕ ಕಂಪ್ಯೂಟರಿನಲ್ಲಿ ಕಾಣಿಸಿಕೊಳ್ಳದೆ ಆಗಲೇ ಐದಾರು ದಿನವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ದೀಪ ಎತ್ತಿ, ನೆಲ ಸಾರಿಸಿ, ಪ್ಲಗ್ ಹಚ್ಚಿದರು. ನಮ್ಮ ಓಣಿಯ ಮನೆ ಮನೆಯಲ್ಲೂ ಟಿವಿ ಒಮ್ಮೆಲೇ ಒದರಿದವು. ಅಕ್ಕ ಜಳಕ ಮಾಡಿ ಇಸ್ತ್ರಿ ಸೀರೆ ಉಟ್ಟು ಕಂಪ್ಯೂಟರಿನ ಮುಂದೆ ಸರಿದು ಕೂತಳು. ಹೆಸರು ಹೊಡೆದಳು, ಗುಪ್ತಪದ ಹೊಡೆದಳು. ನಿಮ್ಮ ಖಾತೆಯನ್ನು ಮುಚ್ಚಲಾಗಿದೆ ಎಂದು ಬಂತು. ಮತ್ತೆ ಹೊಡೆದಳು. ಒಂದೊಂದೇ ಅಕ್ಷರ ನೋಡಿ ನೋಡಿ ಮತ್ತೊಮ್ಮೆ ಹೊಡೆದಳು. ನಾನು ಹಿಂದೆ ನಿಂತಿದ್ದೆ. ಸಾಕು ಬಿಡು ಅಕ್ಕಾ ಎಂದು ಅವಳ ಕೈ ಹಿಡಿಯಬೇಕಾಯಿತು.

ಆ ಮೇಲ್ವಿಚಾರಕಿಗೆ ಎಷ್ಟು ಫೋನ್ ಮಾಡಿದರೂ ಎತ್ತಲಿಲ್ಲ. ಕೆಲವು ದಿನದ ಮೇಲೆ ದೊಡ್ಡ ಮನೆಯ ಹಿರಿಯ ಮಗ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ವಿಷಯ ಎಲ್ಲಿಂದಲೋ ತಿಳಿದಿತ್ತು. ನಿಜವಾಗಿಯೂ ಮುಖ ಸಣ್ಣ ಮಾಡಿಕೊಂಡು ಹೇಳಿದರು: "ನಿಮ್ಮಕ್ಕ ನೌಕರಿ ಮಾಡತಿದ್ಲು ಅಂತ ನಮಗ ಯಾರೂ ಹೇಳಿಲ್ಲೋ. ಮನ್ಯಾಗ ಕುಂತು ಏನರ ನೋಡತಾಳ ಅಂತ ತಿಳದಿದ್ವಿ." ನಾನು ಹೌದ್ರಿ ಎಂದೆ. ಅವರನ್ನು ದ್ವೇಷ ಮಾಡಲು ಆಗಿದ್ದರೆ ನನ್ನ ಎದೆ ಸ್ವಲ್ಪ ಹಗುರಾಗುತ್ತಿತ್ತು. ಅದಕ್ಕೂ ದಾರಿ ಇರಲಿಲ್ಲ.

ಅದೇ ವರ್ಷ ಕಾಲೇಜಿನಲ್ಲಿ ಆ ಪಾಠ ಬಂದಾಗ ಒಬ್ಬ ವಿದ್ಯಾರ್ಥಿನಿ, ಸರ್, ಎರಡರಲ್ಲಿ ಯಾವುದು ಚಲೋ ಎಂದು ಕೇಳಿದಳು. ಪುಸ್ತಕದಲ್ಲಿದ್ದ ಉತ್ತರವನ್ನೇ ಹೇಳಿದೆ. ಸ್ಟಾರ್ ಚಲೋ, ಆದರೆ ತಂತಿ ಹೆಚ್ಚು ಬೇಕು, ನಡುವಿನ ಪೆಟ್ಟಿಗೆ ಕೆಟ್ಟರೆ ಎಲ್ಲರದೂ ಹೋಗುತ್ತದೆ. ಬಸ್ ಅಗ್ಗ, ಆದರೆ ನಡುವೆ ಕಡಿದರೆ ಹಿಂದಿನವರಿಗಿಲ್ಲ. ಎಲ್ಲರೂ ಬರೆದುಕೊಂಡರು. ಹಿಂದಿನವರು ಯಾರು ಸರ್ ಎಂದು ಯಾರೂ ಕೇಳಲಿಲ್ಲ, ಪರೀಕ್ಷೆಗೆ ಅದು ಬರುವುದೂ ಇಲ್ಲ.

ದೀಪಾವಳಿ ಕಳೆದ ಮೇಲೆ ಅಕ್ಕನೇ ಹೇಳಿದಳು, ತಂತಿ ಬಿಚ್ಚಿಸಿಬಿಡು ಎಂದು. ಬೇರೆ ಕಡೆ ಅರ್ಜಿ ಹಾಕೋಣ ಎಂದೆ. ಅವಳು ಕಂಪ್ಯೂಟರಿನ ಮೇಲೆ ಕೌದಿ ಹೊದಿಸಿ ಆಗಲೇ ಬಹಳ ದಿನವಾಗಿತ್ತು. ಇನ್ನೊಬ್ಬರು ಸಾಯೂ ಹಾದಿ ಕಾಯಕೋಂತ ಕುಂದರಲೇನ ಎಂದು ನನ್ನ ಮುಖ ನೋಡದೆ ಕೇಳಿದಳು. ಅವ್ವ ಅಡಿಗೆಮನೆಯಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಕೇಬಲ್‌ನವನಿಗೆ ಹೇಳಿ ಕಳಿಸಿದೆ.

ಅವನು ಮಧ್ಯಾಹ್ನ ಬಂದ. ನನ್ನ ಜೊತೆಯಾಗಲಿ ಅಕ್ಕನ ಜೊತೆಯಾಗಲಿ ಕಣ್ಣು ಕೂಡಿಸಲಿಲ್ಲ. ಕಿಟಕಿಯ ಬಾಜು ಬಂದ ತಂತಿಯನ್ನು ಇಕ್ಕಳದಿಂದ ಕತ್ತರಿಸಿದ. ಹೊರಗೆ ಹೋಗಿ ಮಾಳಿಗೆಯಿಂದ ಅದನ್ನು ಎಳೆದುಕೊಂಡು ಮೊಣಕೈಗೆ ಸುತ್ತತೊಡಗಿದ. ಮಗ್ಗುಲ ಮನೆಯ ಟಿವಿಯಲ್ಲಿ ಧಾರಾವಾಹಿ ನಡೆದಿತ್ತು. ಅದರಾಚೆಯ ಮನೆಯಲ್ಲಿ ಯಾರೋ ಫೋನಿನಲ್ಲಿ ನೋಡುತ್ತ ನಗುತ್ತಿದ್ದರು. ಅಕ್ಕ ಸೂಜಿ ಹಿಡಿದ ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು.

"ನಮ್ಮದು ಕಡದದ್ದಕ್ಕ ಯಾರದರ ಬಂದ್ ಆತೇನೋ ತಮ್ಮಾ?"

ಇಲ್ಲ ಅಕ್ಕಾ, ಯಾರದೂ ಬಂದ್ ಆಗಿಲ್ಲ ಎಂದೆ.